ಊರು ಬಿಡುವ ಮುನ್ನ ಒಂದು ಬೇಸಿಗೆ

ಮಕ್ಕಳೇ, ಬೇಸಿಗೆ ರಜೆ ಬಂದರೆ ಎಲ್ಲರೂ ತಂಪಾದ ಊರಿಗೆ ಹೋಗುತ್ತಾರೆ. ಮಡಿಕೇರಿ, ಆಗುಂಬೆ, ಊಟಿ ಅಂತ ಹೆಸರು ಹೇಳುತ್ತಾರೆ. ಬೇಸಿಗೆ ಕಳೆಯಲು ನಮ್ಮ ಕಾನಹೊಸಹಳ್ಳಿಗೆ ಬರುತ್ತೇವೆ ಎಂದವರನ್ನು ನಾನು ಇದುವರೆಗೂ ಕಂಡಿಲ್ಲ. ಬಳ್ಳಾರಿ ಸೀಮೆಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ನಗುತ್ತಾರೆ. ಹಾಗೆ ನಗುವವರಿಗೆ ನಮ್ಮೂರಿನ ಬೇಸಿಗೆ ಏನೆಂದು ಗೊತ್ತಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಬರುವ ಜೂನ್ ತಿಂಗಳಲ್ಲಿ ನಾನು ಮತ್ತು ನಮ್ಮ ಮನೆಯವರು ಊರು ಬಿಟ್ಟು ಬೆಂಗಳೂರಿನ ಮಗನ ಮನೆಗೆ ಹೋಗುತ್ತಿದ್ದೇವೆ. ಇದು ನಮ್ಮ ಕಡೆಯ ಬೇಸಿಗೆ.

ಕಾನಹೊಸಹಳ್ಳಿ ಇರುವುದು ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನಲ್ಲಿ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಬಂದರೆ ನಮ್ಮೂರು ಸಿಗುತ್ತದೆ. ಈ ಊರಿನದೊಂದು ತಮಾಷೆ ಕೇಳಿ. ನಾನು ಹುಟ್ಟಿದಾಗ ಇದು ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ನಾವು ವಿಜಯನಗರ ಜಿಲ್ಲೆಯವರಾದೆವು. ಕುಳಿತ ಕಟ್ಟೆಯಿಂದ ಏಳದೆಯೇ ನನ್ನ ವಿಳಾಸ ಮೂರು ಸಲ ಬದಲಾಯಿತು! ಬ್ಯಾಂಕಿನ ನೌಕರಿ ನನ್ನನ್ನು ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಸುತ್ತಿಸಿದರೂ ಮನೆ ಮಾತ್ರ ಇಲ್ಲೇ ಇತ್ತು. ವಿಳಾಸದ ಜೊತೆ ನಾನೂ ಬದಲಾಗುವುದು ಇದೇ ಮೊದಲು.

ನಮ್ಮ ಮನೆಯವರಿಗೆ ಮಂಡಿ ನೋವು, ಕಣ್ಣಿಗೆ ಪೊರೆ. ತೋರಿಸಲು ಪ್ರತಿ ಸಲ ದಾವಣಗೆರೆಗೋ ಬಳ್ಳಾರಿಗೋ ಓಡಬೇಕು. "ಇನ್ನು ಸಾಕು, ಬನ್ನಿ" ಎಂದ ಮಗ. ಅವನು ಹೇಳುವುದು ಸರಿಯೇ. ಹಾಗಾಗಿ ಈ ಸಲ ಏಪ್ರಿಲ್‌ನಲ್ಲಿ ಮೊಮ್ಮಗಳು ಮತ್ತು ಮೊಮ್ಮಗ ರಜೆಗೆ ಬಂದಾಗ ಒಂದು ಹಾಳೆಯಲ್ಲಿ ಪಟ್ಟಿ ಬರೆದೆವು. ಊರು ಬಿಡುವ ಮುನ್ನ ಏನೇನು ಮಾಡಬೇಕು, ಎಲ್ಲೆಲ್ಲಿಗೆ ಹೋಗಬೇಕು, ಏನೇನು ತಿನ್ನಬೇಕು ಎಂಬ ಪಟ್ಟಿ ಅದು. ಆಗಿದ್ದಕ್ಕೆ ಮೊಮ್ಮಗಳು ಕೆಂಪು ಪೆನ್ನಿನಿಂದ ಗುರುತು ಹಾಕುತ್ತಾಳೆ.

ಮಾಳಿಗೆಯ ಮೇಲೆ ಮಲಗುವುದು

ಪಟ್ಟಿಯ ಮೊದಲನೆಯದು ಇದೇ. ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಕಟ್ಟಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ದಪ್ಪನೆಯ ಮಣ್ಣು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಹರಡಿದರೆ ಸೋರುವುದಿಲ್ಲ. ಇಷ್ಟು ದಪ್ಪ ಮಣ್ಣು ಇರುವುದರಿಂದ ಹೊರಗಿನ ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಸಂಜೆಯ ಮೇಲೆ ಒಳಗೆ ಸೆಕೆ, ಮಾಳಿಗೆಯ ಮೇಲೆ ಗಾಳಿ. ಅದಕ್ಕೇ ಬೇಸಿಗೆಯಲ್ಲಿ ಊರಿಗೆ ಊರೇ ಚಾಪೆ, ಕೌದಿ ಹೊತ್ತು ಮೇಲೆ ಹತ್ತುತ್ತಿತ್ತು. ಈಗ ಆರ್‌ಸಿಸಿ ಮನೆಗಳು ಬಂದಿವೆ. ಆದರೂ ಕರೆಂಟು ಹೋದ ರಾತ್ರಿ ಎಲ್ಲರೂ ಮೇಲೆಯೇ.

ಹಗಲು ಅದೇ ಮಾಳಿಗೆ ಅಜ್ಜಿಯ ಪಾಲು. ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಒಣಗುವುದು ಅಲ್ಲೇ. ಕಾಗೆ ಓಡಿಸಲು ಮೊಮ್ಮಗನನ್ನು ಕೂರಿಸಿದ್ದೆವು. ಅವನು ಕಾಗೆ ತಿನ್ನುವುದಕ್ಕಿಂತ ಹೆಚ್ಚಾಗಿ ಹಸಿ ಸಂಡಿಗೆ ತಿಂದ. ಅಜ್ಜಿ ಬೈಯಲಿಲ್ಲ. "ತಿನ್ನಲಿ ಬಿಡ್ರಿ, ಮುಂದಿನ ವರ್ಷ ಎಲ್ಲಿ ಹಾಕ್ತೀನಿ" ಎಂದಳು. ನಾನು ಏನೂ ಅನ್ನಲಿಲ್ಲ.

ರಾತ್ರಿ ಮಲಗಿದಾಗ ಮಕ್ಕಳಿಗೆ ನಕ್ಷತ್ರ ತೋರಿಸಿದೆ. ನೀವೂ ನೋಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಊಟ ಮುಗಿಸಿ ಉತ್ತರಕ್ಕೆ ಮುಖ ಮಾಡಿದರೆ ಏಳು ನಕ್ಷತ್ರಗಳ ಸಪ್ತರ್ಷಿ ಮಂಡಲ ಕಾಣುತ್ತದೆ. ನಾಲ್ಕು ನಕ್ಷತ್ರ ಸೇರಿ ಚೌಕ, ಮೂರು ಸೇರಿ ಬಾಲ. ಚೌಕದ ಹೊರ ಅಂಚಿನ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಕೆಳಕ್ಕೆ ಎಳೆಯುತ್ತಾ ಹೋದರೆ ಧ್ರುವ ನಕ್ಷತ್ರ. ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ಬಿಳಿಯ ಚಿತ್ತಾ. ತಡರಾತ್ರಿ ಎಚ್ಚರವಾದರೆ ಆಗ್ನೇಯದಲ್ಲಿ ಚೇಳಿನ ಆಕಾರದ ವೃಶ್ಚಿಕ, ಅದರ ಎದೆಯಲ್ಲಿ ಕೆಂಪು ಜ್ಯೇಷ್ಠಾ.

ನೀವಿರುವ ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ. ನಮ್ಮೂರಿನಲ್ಲಿ ಅದು ಸುಮಾರು 15 ಡಿಗ್ರಿ, ಬೆಂಗಳೂರಿನಲ್ಲಿ ಸುಮಾರು 13. ಇದನ್ನು ಹೇಳಿದಾಗ ಮೊಮ್ಮಗಳು ಲೆಕ್ಕ ಹಾಕಿ, "ಹಾಗಾದರೆ ತಾತ, ನಮ್ಮ ಮನೆಗೆ ಬಂದರೆ ನಿಮಗೆ ಧ್ರುವ ನಕ್ಷತ್ರ ಎರಡು ಡಿಗ್ರಿ ಕೆಳಗೆ ಹೋಗುತ್ತೆ" ಎಂದಳು. ಹೌದು, ಎರಡೇ ಡಿಗ್ರಿ. ಆದರೆ ಅಲ್ಲಿ ಮುಂದೆ ನಾಲ್ಕು ಮಹಡಿಯ ಕಟ್ಟಡ ಇದೆ.

ಹುಣಸೆ ಬೀಜ, ಹುಲಿ, ಕುರಿ

ಕೂಡ್ಲಿಗಿ ಸೀಮೆಯಲ್ಲಿ ಮಳೆ ಕಡಿಮೆ. ಶೇಂಗಾ, ಜೋಳ, ಮೆಕ್ಕೆಜೋಳ ಮಳೆಯನ್ನೇ ನಂಬಿದ ಬೆಳೆಗಳು. ಹುಣಸೆ ಮರ ಮಾತ್ರ ಯಾರನ್ನೂ ಕಾಯುವುದಿಲ್ಲ. ಬರಗಾಲದಲ್ಲೂ ಕೈಗೆ ನಾಲ್ಕು ಕಾಸು ಕೊಡುವ ಮರ ಅದು. ಬೇಸಿಗೆಯಲ್ಲಿ ಕಾಯಿ ಬಡಿದು, ಸಿಪ್ಪೆ ತೆಗೆದು, ನಾರು ಬಿಡಿಸಿ, ಕುಟ್ಟಿ ಬೀಜ ಬೇರೆ ಮಾಡುವ ಕೆಲಸ ಓಣಿ ಓಣಿಯಲ್ಲೂ ನಡೆಯುತ್ತದೆ. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕುಳಿತು ಊರಿನ ಸುದ್ದಿಯನ್ನೆಲ್ಲ ಕುಟ್ಟಿ ಹಾಕುವುದೂ ಆಗಲೇ.

ಮಕ್ಕಳಿಗೆ ಬೇಕಾದದ್ದು ಬೀಜ. ನಾಲ್ಕು ಬೀಜಗಳನ್ನು ಒಂದು ಕಡೆ ಮಾತ್ರ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಚೌಕಾಬಾರದ ದಾಳ ಸಿದ್ಧ. ನೆಲದ ಮೇಲೆ ಐದು ಅಡ್ಡ, ಐದು ಉದ್ದದ 25 ಮನೆ ಬರೆಯಿರಿ. ನಾಲ್ಕು ದಿಕ್ಕಿನ ನಡುಮನೆಗಳಿಗೆ ಮತ್ತು ಮಧ್ಯದ ಮನೆಗೆ ಗೀಟು ಹಾಕಿ. ಬೀಜ ಎಸೆದಾಗ ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಮತ್ತೊಂದು ಆಟ. ಮೊಬೈಲ್ ಹಿಡಿದು ಬಂದ ಮೊಮ್ಮಗ ಮೂರನೆಯ ದಿನಕ್ಕೆ ಚಾರ್ಜರ್ ಎಲ್ಲಿಟ್ಟೆ ಎಂಬುದನ್ನೇ ಮರೆತಿದ್ದ.

ನನ್ನ ಆಟ ಬೇರೆ. ಹುಲಿ-ಕುರಿ. ಜೊತೆಗಾರ ನಮ್ಮ ಓಣಿಯ ಕುಂಬಾರಜ್ಜ. ಮಕ್ಕಳು ಕರೆಯುವ ಹೆಸರು ಅದು, ನನಗೂ ಅದೇ ರೂಢಿಯಾಗಿದೆ. ಅವನಿಗೆ ನನಗಿಂತ ಎರಡು ವರ್ಷ ಹೆಚ್ಚು. ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಯಾರೋ ಹುಲಿ-ಕುರಿ ಮನೆ ಕೊರೆದಿದ್ದಾರೆ. ಹಂಪಿಗೆ ಹೋದರೆ ನೋಡಿ, ಅಲ್ಲಿನ ಮಂಟಪಗಳ ಹಾಸುಗಲ್ಲಿನ ಮೇಲೂ ಇಂಥ ಆಟದ ಮನೆಗಳಿವೆ. ವಿಜಯನಗರದ ಕಾಲದ ಜನರೂ ನಮ್ಮ ಹಾಗೆಯೇ ಮಧ್ಯಾಹ್ನದ ಬಿಸಿಲು ಇಳಿಯಲೆಂದು ನೆರಳಿನಲ್ಲಿ ಕುಳಿತು ಆಡಿರಬೇಕು.

ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಕುರಿ. ಕುರಿಯವನು ಒಂದೊಂದಾಗಿ ಕುರಿ ಇಡುತ್ತಾ ಬರಬೇಕು. ಎಲ್ಲ ಇಟ್ಟು ಮುಗಿಯುವ ತನಕ ಕುರಿ ನಡೆಸುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೇ ಓಡಾಡುತ್ತದೆ, ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಹೋದರೆ ಆ ಕುರಿ ಸತ್ತಂತೆ. ಕುರಿಗಳು ಒಗ್ಗಟ್ಟಾಗಿ ಮೂರು ಹುಲಿಗಳನ್ನೂ ಅಲುಗಾಡದಂತೆ ಕಟ್ಟಿಹಾಕಿದರೆ ಗೆದ್ದಂತೆ. ಬಲ ಇರುವವನಿಗಿಂತ ತಾಳ್ಮೆ ಇರುವವನು ಗೆಲ್ಲುವ ಆಟ ಇದು. ಕುಂಬಾರಜ್ಜ ಯಾವಾಗಲೂ ಕುರಿಯನ್ನೇ ಕೇಳುತ್ತಾನೆ. "ಸಾಹೇಬ್ರ, ನಿಮ್ಮ ಹುಲಿಗೆ ವಯಸ್ಸಾತು ನೋಡ್ರಿ" ಎನ್ನುವುದು, ನಗುವುದು.

ಬೇಸಿಗೆಯಲ್ಲಿ ಅವನ ಕೈಯ ಗಡಿಗೆಗೆ ಗಿರಾಕಿ ಹೆಚ್ಚು. ಗಡಿಗೆಯ ನೀರು ಏಕೆ ತಣ್ಣಗಿರುತ್ತದೆ ಎಂದು ಮೊಮ್ಮಗ ಕೇಳಿದ. ಕುಂಬಾರಜ್ಜ ಅವನ ಕೈಯನ್ನೇ ಗಡಿಗೆಯ ಹೊಟ್ಟೆಗೆ ಒತ್ತಿ, "ಏನೈತಿ?" ಎಂದ. "ಒದ್ದೆ" ಎಂದ ಹುಡುಗ. ಅಷ್ಟೇ ಉತ್ತರ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಗಡಿಗೆ ತಂಪು. ಅದಕ್ಕೇ ನಮ್ಮಂಥ ಬಿಸಿಲು ನಾಡಿನಲ್ಲಿ ಗಡಿಗೆಯೇ ಫ್ರಿಜ್ಜು.

ಗುಡೇಕೋಟೆಯ ಕರಡಿ

ಪಟ್ಟಿಯಲ್ಲಿ ಮೊಮ್ಮಗ ದೊಡ್ಡ ಅಕ್ಷರದಲ್ಲಿ ಬರೆದದ್ದು ಒಂದೇ ಪದ, ಕರಡಿ. ನಮ್ಮ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮ ಇದೆ. ಬೆಟ್ಟವೆಂದರೆ ಅಲ್ಲಿ ಮಣ್ಣಿನ ಬೆಟ್ಟವಲ್ಲ, ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು. ಆ ಬಂಡೆಗಳ ಸಂದಿಯ ಗವಿಗಳೇ ಕರಡಿಯ ಮನೆ. ಊರಿನ ಮೇಲೆ ಪಾಳೆಗಾರರ ಕೋಟೆ ಇದೆ. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಎಂದು ನಮ್ಮ ಕಡೆಯ ಜನ ಹೆಮ್ಮೆಯಿಂದ ಹೇಳುತ್ತಾರೆ.

ಸಂಜೆ ಅರಣ್ಯ ಇಲಾಖೆಯವರ ಜೊತೆಯಲ್ಲಿ ದೂರದ ಬಂಡೆಯ ಮೇಲೆ ಕುಳಿತೆವು. ಬಂಡೆ ಇನ್ನೂ ಕಾದಿತ್ತು, ಕೆಳಗೆ ಟವೆಲ್ ಹಾಸಿಕೊಂಡೆವು. "ತಾತ, ಕರಡಿ ಎಷ್ಟು ಗಂಟೆಗೆ ಬರುತ್ತೆ?" ಎಂದು ಮೊಮ್ಮಗ ಹತ್ತು ಸಲ ಕೇಳಿದ. ಕರಡಿಗೆ ಬ್ಯಾಂಕಿನ ವೇಳೆ ಇಲ್ಲವಪ್ಪ ಎಂದೆ. ಸೂರ್ಯ ಮುಳುಗುವ ಹೊತ್ತಿಗೆ ಬಂಡೆಯ ನೆರಳೊಂದು ಅಲುಗಾಡಿತು. ಕಪ್ಪು ಕೂದಲಿನ ತಾಯಿ ಕರಡಿ, ಅದರ ಬೆನ್ನಿನ ಮೇಲೆ ಎರಡು ಮರಿ! ಮೊಮ್ಮಗ ಉಸಿರು ಬಿಡುವುದನ್ನೇ ಮರೆತ.

ನಮ್ಮ ಕಡೆಯ ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಮೇಲಿನ ಮುಂಭಾಗದ ಎರಡು ಹಲ್ಲು ಇಲ್ಲ. ಆ ಸಂದಿಯಿಂದಲೇ ಹುತ್ತದ ಗೆದ್ದಲನ್ನು ಗಾಳಿಯ ಸಮೇತ ಎಳೆದುಕೊಳ್ಳುತ್ತದೆ. ಮೂಗಿಗೆ ಮಣ್ಣು ಹೋಗದಂತೆ ಹೊಳ್ಳೆ ಮುಚ್ಚಿಕೊಳ್ಳಲೂ ಅದಕ್ಕೆ ಬರುತ್ತದೆ. ಗೆದ್ದಲು, ಜೇನು ಬಿಟ್ಟರೆ ಬೇಸಿಗೆಯಲ್ಲಿ ಅದರ ಊಟ ಕಾಡಿನ ಹಣ್ಣು. ಕವಳೆ ಹಣ್ಣು ನಾವು ಚಿಕ್ಕವರಿದ್ದಾಗ ಅಂಗಿಯ ಜೇಬು ಕಪ್ಪಾಗುವ ತನಕ ಕಿತ್ತು ತಿನ್ನುತ್ತಿದ್ದ ಹಣ್ಣು. ಮೊಮ್ಮಗಳಿಗೆ ಅದರ ರುಚಿ ತೋರಿಸಬೇಕೆಂದು ನನ್ನ ಆಸೆ. ಆದರೆ ಕರಡಿಧಾಮದೊಳಗೆ ಕೀಳುವಂತಿಲ್ಲ. ಹಣ್ಣು ನಾವು ತಿಂದರೆ ಕರಡಿ ಹೊಟ್ಟೆ ಹಸಿದು ಹೊಲಕ್ಕೆ ಇಳಿಯುತ್ತದೆ, ಆಗ ರೈತನಿಗೂ ಅಪಾಯ, ಕರಡಿಗೂ ಅಪಾಯ. ಊರಿನ ಹೊಲದ ಬದುವಿನಲ್ಲಿದ್ದ ಒಂದು ಕಂಟಿಯಲ್ಲಿ ಹತ್ತೆಂಟು ಹಣ್ಣು ಸಿಕ್ಕವು. ಅಷ್ಟೇ ಸಾಕಾಯಿತು. ಮಕ್ಕಳೇ, ಕರಡಿ ನೋಡಬೇಕಾದರೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನೀವಾಗಿ ಬೆಟ್ಟಕ್ಕೆ ಹೋಗಬೇಡಿ. ಇಲಾಖೆಯವರ ಜೊತೆಯಲ್ಲೇ ಹೋಗಿ.

ಉಜ್ಜಿನಿಯ ಎಣ್ಣೆ, ಮಂಡಕ್ಕಿ ಮಿರ್ಚಿ

ನಮ್ಮ ಸೀಮೆಯಲ್ಲಿ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯ ಮರುಳಸಿದ್ಧೇಶ್ವರ ದೇವಸ್ಥಾನದ ಒಳಗಿನ ಕಲ್ಲಿನ ಕೆತ್ತನೆ ಅಷ್ಟು ಚೆಂದ. ಬಾಳೆಹೊನ್ನೂರು, ಕೇದಾರ, ಶ್ರೀಶೈಲ, ಕಾಶಿಗಳ ಜೊತೆಗೆ ಪಂಚಪೀಠಗಳಲ್ಲಿ ಉಜ್ಜಿನಿಯೂ ಒಂದು. ವೈಶಾಖದ ಬಿಸಿಲಿನಲ್ಲಿ ಇಲ್ಲಿ ತೇರು. ತೇರು ಮುಗಿದ ಮೇಲೆ ನಡೆಯುವುದು ಶಿಖರಕ್ಕೆ ತೈಲಾಭಿಷೇಕ. ದೇವರಿಗೆ ಎಣ್ಣೆ ಎರೆಯುವುದನ್ನು ಎಲ್ಲ ಕಡೆ ಕಂಡಿದ್ದೇವೆ, ಗೋಪುರದ ಶಿಖರಕ್ಕೇ ಎಣ್ಣೆ ಎರೆಯುವುದನ್ನು ಇಲ್ಲಿ ನೋಡಬೇಕು. ಜರಿಮಲೆಯ ಪಾಳೆಗಾರರ ಮನೆತನದಿಂದ ಬರುವ ಎಣ್ಣೆಗೆ ಮೊದಲ ಮರ್ಯಾದೆ. ಆಮೇಲೆ ಭಕ್ತರು ತಂದ ಎಣ್ಣೆ. ಕೊಡಗಳನ್ನು ಹೊತ್ತು ಶಿಖರ ಹತ್ತಿದವರು ಮೇಲಿನಿಂದ ಸುರಿಯುತ್ತಾರೆ. ಸಂಜೆಯ ಬೆಳಕಿನಲ್ಲಿ ಕಲ್ಲಿನ ಮೈಯೆಲ್ಲ ಮಿಂಚುತ್ತದೆ. ಕೆಳಗೆ ನಿಂತ ಸಾವಿರಾರು ಜನರ ಕತ್ತು ಒಂದೇ ಕಡೆ.

ಅಜ್ಜಿ ಮಂಡಿ ನೋವಿಗೆ ಬರುವುದಿಲ್ಲ ಎಂದವಳು, ಕಡೆಗೆ ತಾನೇ ಮೊದಲು ಸೀರೆ ಉಟ್ಟು ಸಿದ್ಧಳಾದಳು. ಜಾತ್ರೆಯಲ್ಲಿ ಒಂದು ಅಂಗಡಿಯ ಬೆಂಚಿನ ಮೇಲೆ ಕುಳಿತು ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದೆವು. ನಮ್ಮ ಕಡೆ ಮಂಡಕ್ಕಿ ಮಿರ್ಚಿ ಇಲ್ಲದೆ ಜಾತ್ರೆಯಿಲ್ಲ, ಬಯಲಾಟವಿಲ್ಲ, ಗೆಳೆತನವೂ ಇಲ್ಲ. ಬಿಸಿಲು ಉರಿಯುವಾಗ ಖಾರ ತಿನ್ನುವುದು ಏಕೆ ಎಂದು ಮೊಮ್ಮಗಳು ಕೇಳಿದಳು. ಖಾರ ತಿಂದರೆ ಬೆವರು, ಬೆವರಿಗೆ ಗಾಳಿ ತಾಗಿದರೆ ತಂಪು. ಕುಂಬಾರಜ್ಜನ ಗಡಿಗೆಯ ಲೆಕ್ಕವೇ ಇದು.

ಮುಳುಗಿದ ಊರು, ಬಂದ ಹಕ್ಕಿ

ಪಟ್ಟಿಯಲ್ಲಿ ಕಡೆಯದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಹೆಸರಿನಲ್ಲಿ ಸಮುದ್ರವಿದ್ದರೂ ಅದೊಂದು ಕೆರೆ, ಸುಮಾರು 244 ಎಕರೆ. ನೀರಿನ ನಡುವೆ ನಿಂತ ಕರಿಜಾಲಿ ಮರಗಳ ತುಂಬ ಹಕ್ಕಿಗೂಡು. 2024ರಲ್ಲಿ ಇದಕ್ಕೆ ರಾಮ್‌ಸರ್ ತಾಣ ಎಂಬ ಮನ್ನಣೆ ಸಿಕ್ಕಿತು. ರಾಮ್‌ಸರ್ ಎಂಬುದು ಇರಾನ್ ದೇಶದ ಒಂದು ಊರು. ಕೆರೆ, ಜೌಗು, ಅಳಿವೆಗಳನ್ನು ಕಾಪಾಡಬೇಕೆಂದು 1971ರಲ್ಲಿ ಹಲವು ದೇಶಗಳು ಅಲ್ಲಿ ಒಪ್ಪಂದ ಮಾಡಿಕೊಂಡವು. ನಮ್ಮ ರಾಜ್ಯದಲ್ಲಿ ಈ ಮನ್ನಣೆ ಮೊದಲು ಸಿಕ್ಕಿದ್ದು 2022ರಲ್ಲಿ ರಂಗನತಿಟ್ಟಿಗೆ.

ನಾವು ಹೋದಾಗ ಬಣ್ಣದ ಕೊಕ್ಕರೆಗಳಿದ್ದವು. ನೆತ್ತಿಯ ಮೇಲೆ ಬಿಸಿಲು. ಗೂಡಿನ ಅಂಚಿನಲ್ಲಿ ನಿಂತ ತಾಯಿ ಹಕ್ಕಿ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಮರಿಗೆ ನೆರಳು ಮಾಡಿತ್ತು. ಬಿಸಿಲು ಹೆಚ್ಚಾದರೆ ಇವು ಕೊಕ್ಕಿನಲ್ಲಿ ನೀರು ತಂದು ಮರಿಗೆ ಕುಡಿಸುತ್ತವೆ. ಅದನ್ನು ನೋಡುತ್ತಾ ಅಜ್ಜಿ ತನ್ನ ಸೆರಗನ್ನು ಮೊಮ್ಮಗನ ತಲೆಯ ಮೇಲೆ ಎಳೆದಳು.

ಅಲ್ಲಿಂದ ಬರುವಾಗ ಮಕ್ಕಳಿಗೆ ತುಂಗಭದ್ರಾ ಹಿನ್ನೀರಿನ ಕಥೆ ಹೇಳಿದೆ. ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. 33 ಗೇಟುಗಳ ಆ ಕಟ್ಟೆಯಿಂದ ಎಷ್ಟೋ ಜಿಲ್ಲೆಗಳ ಹೊಲಗಳಿಗೆ ನೀರು ಬಂತು. ಹಿಂದೆ ಹತ್ತಾರು ಊರುಗಳು ಮುಳುಗಿದವು. ನಾರಾಯಣದೇವರಕೆರೆ ಎಂಬ ದೊಡ್ಡ ಊರೇ ಮುಳುಗಿ, ಅಲ್ಲಿಯವರು ಅನೇಕರು ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಅದೇ ಮರಿಯಮ್ಮನಹಳ್ಳಿ ಇಂದು ನಾಟಕಕ್ಕೆ, ಜೋಗತಿ ನೃತ್ಯಕ್ಕೆ ಹೆಸರಾದ ಊರು. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರು ಇರುವುದೂ ಅಲ್ಲೇ.

"ಅವರಿಗೆ ಬೇಜಾರಾಗಲಿಲ್ಲವಾ ತಾತ?" ಎಂದಳು ಮೊಮ್ಮಗಳು. ಆಗಿಯೇ ಇರುತ್ತದೆ ಎಂದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಊರಿನ ಗುರುತು ಹುಡುಕಿಕೊಂಡು ಹೋಗಿ ಬರುತ್ತಿದ್ದ ಹಿರಿಯರನ್ನು ನಾನು ಬ್ಯಾಂಕಿನಲ್ಲಿದ್ದಾಗ ಕಂಡಿದ್ದೇನೆ. ನಮ್ಮ ಊರು ಹಾಗೆ ಮುಳುಗುವುದಿಲ್ಲ. ಬಸ್ಸು ಹತ್ತಿದರೆ ಸಂಜೆಯೊಳಗೆ ಬಂದು ಇಳಿಯಬಹುದು. ಮನೆಗೆ ಬೀಗ ಹಾಕುತ್ತೇವೆ, ಮಾರುವುದಿಲ್ಲ ಎಂದು ಅಂದು ರಾತ್ರಿ ನಾನೂ ನಮ್ಮ ಮನೆಯವರೂ ಮಾತಾಡಿಕೊಂಡೆವು. ಮಗನಿಗೂ ಫೋನಿನಲ್ಲಿ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಿಬಿಡಿ ಅಪ್ಪಾಜಿ, ದುಡ್ಡು ನಾನು ಕಳಿಸ್ತೀನಿ" ಎಂದ.

ಈಗ ಮನೆಯಲ್ಲಿ ಗಂಟುಮೂಟೆ ಕಟ್ಟುವ ಕೆಲಸ ನಡೆದಿದೆ. ಅಜ್ಜಿ ಒಂದು ಡಬ್ಬಿ ಸಂಡಿಗೆ, ಒಂದು ಚೀಲ ಹುಣಸೆಹಣ್ಣು ಕಟ್ಟಿಟ್ಟಿದ್ದಾಳೆ. ಮೊಮ್ಮಗ ಉಜ್ಜಿದ ಹುಣಸೆ ಬೀಜಗಳನ್ನು ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡಿದ್ದಾನೆ, ಬೆಂಗಳೂರಿನ ಗೆಳೆಯರಿಗೆ ಕಲಿಸುತ್ತಾನಂತೆ. ಪಟ್ಟಿಯ ಎಲ್ಲ ಸಾಲಿಗೂ ಕೆಂಪು ಗುರುತು ಬಿದ್ದಿದೆ. ರಜೆಗೆ ಅಜ್ಜಿ ತಾತನ ಊರಿಗೆ ಹೋಗುವ ಮಕ್ಕಳೆಲ್ಲ ಇಂಥದೊಂದು ಪಟ್ಟಿ ಬರೆಯಿರಿ. ಅಜ್ಜಿ ತಾತಂದಿರೇ, ನೀವು ಊರು ಬಿಡುವವರಲ್ಲದಿದ್ದರೂ ಬರೆಯಿರಿ. ಎಪ್ಪತ್ತು ವರ್ಷ ಇದ್ದ ಊರಿನಲ್ಲಿ ಇಷ್ಟೆಲ್ಲ ಇತ್ತೆಂದು ಒಂದೇ ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ನಿನ್ನೆ ಮಧ್ಯಾಹ್ನ ಕುಂಬಾರಜ್ಜನ ಜೊತೆ ಆಡುತ್ತಿದ್ದೆ. ನನ್ನ ಎರಡು ಹುಲಿ ಕಟ್ಟಿಬಿದ್ದಿದ್ದವು, ಮೂರನೆಯದಕ್ಕೆ ಒಂದೇ ದಾರಿ ಉಳಿದಿತ್ತು. ಇನ್ನೊಂದು ಕುರಿ ಸರಿಸಿದರೆ ಅವನು ಗೆದ್ದ. ಕುಂಬಾರಜ್ಜ ಕಲ್ಲನ್ನು ಮುಟ್ಟಿ, ಮತ್ತೆ ಕೈ ಹಿಂದಕ್ಕೆ ತೆಗೆದ.

"ಇವತ್ತ ಬ್ಯಾಡ ಸಾಹೇಬ್ರ. ದಸರಾ ರಜಾಕ್ಕ ಬರ್ತೀರಲ್ಲ, ಆವಾಗ ಮುಗಿಸಾನ" ಎಂದ.

ಯಾವ ಹುಲಿ ಎಲ್ಲಿತ್ತು, ಯಾವ ಕುರಿ ಎಲ್ಲಿತ್ತು ಎಂದು ಮೊಮ್ಮಗಳು ಪಟ್ಟಿಯ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.